ಜಡೆ ಹಿಡಿದರೆ ಏನು ಮಾಡಬೇಕು ಎಂದು ಕೇಳಿದ ಹುಡುಗಿಯ ಪರವಾಗಿ

ಬಳ್ಳಾರಿ ಜಿಲ್ಲೆಯಲ್ಲಿ ಶಾಲೆ, ಹಾಸ್ಟೆಲ್, ಕ್ರೀಡೆಯ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ನನ್ನ ಹಾಗೆಯೇ ಬಿಳಿ ಬಟ್ಟೆ ತೊಟ್ಟು ಕರಾಟೆಯಂಥ ವಿದ್ಯೆ ಕಲಿಸಿ ಹೊಟ್ಟೆ ಹೊರೆಯುವ ಊರಿನ ಮಾಸ್ತರರಿಗೆ,

ನಮಸ್ಕಾರ.

ನಾನು ಬಳ್ಳಾರಿಯವನು. 22 ವರ್ಷದಿಂದ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದೇನೆ. ಸಂಜೆ ಐದೂವರೆಗೆ ಕ್ಲಾಸು, ಹಗಲು ಬೇರೆ ಕೆಲಸ. ಈ ಪತ್ರ ಬರೆಯಲು ಒಂದು ಪ್ರಶ್ನೆ ಕಾರಣ. ಅದನ್ನು ಕೇಳಿದವಳು ಒಂಬತ್ತನೇ ಕ್ಲಾಸಿನ ಹುಡುಗಿ.

ಕೆಲವು ವರ್ಷಗಳ ಹಿಂದೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು ಹೋಗಿದ್ದೆ. ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ನಡೆಯುವ ಮೂರು ತಿಂಗಳ ತರಬೇತಿ ಅದು. ನನ್ನ ಕೈಗೆ ಬಂದ ಪತ್ರದಲ್ಲಿ ‘ಕರಾಟೆ’ ಎಂದಿತ್ತು. ವಾರಕ್ಕೆ ಎರಡು ದಿನ, 45 ನಿಮಿಷದ ಪೀರಿಯಡ್ಡು. 80 ಹುಡುಗಿಯರು, ಗರಸು ಹಾಕಿದ ಅಂಗಳ. ಎಲ್ಲರಿಗೂ ಯೂನಿಫಾರ್ಮಿನ ಚೂಡಿದಾರ, ಎರಡೆರಡು ಜಡೆ, ರಿಬ್ಬನ್ನು. ನಾನು ಸಾಲಾಗಿ ನಿಲ್ಲಿಸಿ ಇಚಿ, ನಿ, ಸಾನ್, ಶಿ ಎಂದು ಜಪಾನಿಯಲ್ಲಿ ಎಣಿಸಿದೆ. ಅವರು ಗಾಳಿಗೆ ಗುದ್ದಿದರು. ಶಾಲೆಯ ವಾರ್ಷಿಕೋತ್ಸವದ ದಿನ ವೇದಿಕೆ ಮೇಲೆ ಆರು ಹುಡುಗಿಯರು ಹಂಚು ಒಡೆದರು. ಜನ ಚಪ್ಪಾಳೆ ತಟ್ಟಿದರು. ನನಗೂ ಒಂದು ಶಾಲು ಹೊದಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಬಂದು ಕೇಳಿದಳು, “ಸರ್, ಹಿಂದಿನಿಂದ ಬಂದು ಜಡೆ ಹಿಡಿದು ಎಳೆದ್ರೆ ಏನು ಮಾಡ್ಬೇಕ್ರಿ?”

“ಮೊಣಕೈಲಿ ಹಿಂದಕ್ಕೆ ಹೊಡಿಬೇಕಮ್ಮ” ಎಂದೆ. ತುಂಬಾ ಗೊತ್ತಿರುವವನ ಹಾಗೆ.

ಅವಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಪಕ್ಕದಲ್ಲಿದ್ದ ಗೆಳತಿಗೆ “ಹಿಡಿಯೇ, ಎಳಿ” ಎಂದಳು. ಗೆಳತಿ ಎಳೆದಳು. ಇವಳ ಕತ್ತು ಹಿಂದಕ್ಕೆ ವಾಲಿತು, ಎರಡೂ ಕೈ ಗಾಳಿಯಲ್ಲಿ ತಡಕಾಡಿದವು. ನಾನು ಹೇಳಿದ ಮೊಣಕೈ ಎಲ್ಲಿಗೂ ತಲುಪಲಿಲ್ಲ. ಗರಸಿನ ಮೇಲೆ ಧೊಪ್ಪನೆ ಬಿದ್ದಳು. ಎದ್ದು ಬಟ್ಟೆ ಕೊಡವಿಕೊಂಡು “ಆಗ್ಲಿಲ್ಲ ಸರ್” ಎಂದಷ್ಟೇ ಹೇಳಿ ಹೋದಳು. ಮೊಣಕೈ ತರಚಿ ರಕ್ತ ಬಂದಿತ್ತು.

ಮೂರು ತಿಂಗಳಲ್ಲಿ ನಾನು ಅವಳಿಗೆ ಬೀಳುವುದನ್ನೂ ಕಲಿಸಿರಲಿಲ್ಲ. ಹಂಚಿಗೇನು, ಅದು ಯಾರ ಜಡೆಯನ್ನೂ ಹಿಡಿದು ಎಳೆಯುವುದಿಲ್ಲ.

ತಪ್ಪು ಕರಾಟೆಯದಲ್ಲ, ನನ್ನದು. ಆಗ ನನ್ನ ಕ್ಲಾಸಿನ ಬೋರ್ಡು ನೋಡಿದ್ದರೆ ನೀವು ನಗುತ್ತಿದ್ದಿರಿ. ಕರಾಟೆ, ಕುಂಗ್‌ಫು, ಟೇಕ್ವಾಂಡೊ, ಕಿಕ್‌ಬಾಕ್ಸಿಂಗ್, ಜೂಡೊ, ಯೋಗ, ಕೊನೆಗೆ ಡ್ಯಾನ್ಸ್. ಏಳು ವಿದ್ಯೆ. ನನಗೆ ನಿಜವಾಗಿ ಬರುತ್ತಿದ್ದದ್ದು ಒಂದು. ಉಳಿದದ್ದೆಲ್ಲ ನಾಲ್ಕು ದಿನದ ಕ್ಯಾಂಪಿನಲ್ಲಿ ಸಿಕ್ಕ ಸರ್ಟಿಫಿಕೇಟು. ಅಪ್ಪ-ಅಮ್ಮಂದಿರು ಬಂದು “ಇದು ಒಲಿಂಪಿಕ್ಸ್‌ನಲ್ಲಿ ಇದೆಯಾ?” ಎಂದು ಕೇಳುತ್ತಾರೆ. ಬೋರ್ಡಿನಲ್ಲಿ ಹೆಸರು ಜಾಸ್ತಿ ಇದ್ದಷ್ಟು ಒಂದಲ್ಲ ಒಂದು ಇರುತ್ತದೆ ಎನ್ನುವ ಲೆಕ್ಕ ನನ್ನದು. ಹಾಗೆ ನೋಡಿದರೆ ಕರಾಟೆ ಪದಕದ ಆಟವಾಗಿದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ. ಜೂಡೊ 1964ರಲ್ಲೇ ಸೇರಿತ್ತು, ಟೇಕ್ವಾಂಡೊಗೆ 2000ದಿಂದ ಪದಕ ಸಿಗುತ್ತಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯ ಜಡೆಗೂ ಇದಕ್ಕೂ ಏನು ಸಂಬಂಧ, ಬಿಡಿ.

ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಉತ್ತರ ಹುಡುಕಿಕೊಂಡು ಊರಿನ ಗರಡಿ ಮನೆಗೆ ಹೋದೆ. ಚಿಕ್ಕಂದಿನಿಂದ ಅದರ ಮುಂದೆ ಓಡಾಡಿದವನು ನಾನು, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಕಪ್ಪು ಬೆಲ್ಟಿನವನು ಮಣ್ಣಿಗೆ ಯಾಕೆ ಇಳಿಯಬೇಕು ಎನ್ನುವ ಜಂಬ. ಒಳಗೆ ಗೋಡೆ ಮೇಲೆ ಆಂಜನೇಯ, ಅದರ ಕೆಳಗೆ ಉಸ್ತಾದರ ಉಸ್ತಾದರ ಹಳೇ ಫೋಟೊ. ಮೂಲೆಯಲ್ಲಿ ಗದೆ, ಎತ್ತುವ ಗುಂಡು. ನಡುವೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಬ್ಬ ಹುಡುಗನನ್ನು ಕರೆದರು. ಇನ್ನೂ ಮೀಸೆ ಚಿಗುರದವನು. ನಾನು ಅಭ್ಯಾಸದಂತೆ ಮುಂಗಾಲು ಉದ್ದಕ್ಕೆ ಚಾಚಿ, ಮಂಡಿ ಮಡಚಿ ನಿಂತೆ. ಕರಾಟೆಯಲ್ಲಿ ಅದು ಚೆಂದದ ನಿಲುವು. ಅವನಿಗೆ ಅದು ತಟ್ಟೆಯಲ್ಲಿ ಬಡಿಸಿ ಇಟ್ಟ ಕಾಲು. ಎತ್ತಿಕೊಂಡ. ನಾನು ಮೇಲೆ ನೋಡಿದಾಗ ಗರಡಿಯ ತಗಡು ಕಾಣುತ್ತಿತ್ತು.

ಮೂರು ವರ್ಷ ಆ ಮಣ್ಣಿಗೆ ಹೋದೆ. ಬೆಳಿಗ್ಗೆ ಐದಕ್ಕೆ ಬಸ್ಕಿ, ದಂಡ. ಮುಗಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕೆಲಸಕ್ಕೆ. (ಉಸ್ತಾದರಿಗೆ ಮಿರ್ಚಿ ವಿಷಯ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.) ಅದೇ ಹೊತ್ತಿಗೆ ಬೇರೆ ಊರಿನ ಒಬ್ಬ ಕೋಚ್ ಹತ್ತಿರ ಜೂಡೊ ಶುರು ಮಾಡಿದೆ. ಬಿಳಿ ಬೆಲ್ಟಿನಿಂದ, ಹನ್ನೆರಡು ವರ್ಷದ ಮಕ್ಕಳ ಜೊತೆ. ಆಗ ಒಂದು ಮಜಾ ಕಂಡಿತು. ಗರಡಿಯಲ್ಲಿ ಧೋಬಿ ಪಛಾಡ್ ಅನ್ನುವ ಪಟ್ಟು ಇದೆ. ಅಗಸ ಬಟ್ಟೆ ಒಗೆಯುವ ಹಾಗೆ, ಎದುರಾಳಿಯ ಒಂದು ಕೈಯನ್ನು ಹೆಗಲ ಮೇಲಿಂದ ಎಳೆದು ಮುಂದಕ್ಕೆ ಒಗೆಯುವುದು. ಜೂಡೊದಲ್ಲಿ ಅದಕ್ಕೆ ಇಪ್ಪೊನ್ ಸೆಯೊಯಿ ನಾಗೆ ಎನ್ನುತ್ತಾರೆ. ಕಲಾಜಂಗ್ ಎನ್ನುವುದು, ಅಂದರೆ ಎದುರಾಳಿಯನ್ನು ಚೀಲದ ಹಾಗೆ ಹೆಗಲಿಗೆ ಅಡ್ಡ ಹಾಕಿಕೊಂಡು ಎತ್ತುವುದು, ಅಲ್ಲಿ ಕಾತಾ ಗುರುಮಾ. ಜೂಡೊ ಕೋಚ್ ‘ಕುಜುಶಿ’ ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಎತ್ತುವ ಮೊದಲು ಎದುರಾಳಿಯ ತೂಕ ತಪ್ಪಿಸುವುದು. ಉಸ್ತಾದರು ಅದನ್ನೇ “ಮೊದ್ಲು ಬುಡ ಅಲ್ಲಾಡ್ಸು” ಎನ್ನುತ್ತಿದ್ದರು. ಕೊನೆಗೆ ನನ್ನದೇ ಕರಾಟೆಯ ಕಡೆ ತಿರುಗಿ ನೋಡಿದೆ. ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುತ್ತೇವೆ, ಹಿಕಿತೆ ಎನ್ನುತ್ತೇವೆ. ಶಕ್ತಿ ಬರಲಿ ಅಂತ ಎಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ಎದುರಾಳಿಯ ಕೈ ಹಿಡಿದು ಎಳೆದು, ಅವನ ಬುಡ ಅಲ್ಲಾಡಿಸಿ, ಆಮೇಲೆ ಗುದ್ದುವುದಕ್ಕೂ ಅದೇ ಕೈ. ನಾನು ಮಕ್ಕಳ ಕೈಯಲ್ಲಿ ಏನನ್ನೂ ಹಿಡಿಸದೆ ಬರೀ ಗಾಳಿ ಎಳೆಸುತ್ತಿದ್ದೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಆತ್ಮರಕ್ಷಣೆ ತರಬೇತಿಗೆ ಕಾಗದ ಬರೆಯುವಾಗ ಯಾವುದೋ ಒಂದು ಕಲೆಯ ಹೆಸರು ಹಾಕಿಬಿಡುತ್ತಾರೆ. ಒಮ್ಮೆ ಕರಾಟೆ, ಒಮ್ಮೆ ಟೇಕ್ವಾಂಡೊ. ಆಮೇಲೆ ಆ ಕಲೆಯವರು, ಈ ಕಲೆಯವರು, ನಾವು ನಾವೇ ಕಿತ್ತಾಡುತ್ತೇವೆ. ಹೆಸರು ಹಾಕಬೇಡಿ ಎನ್ನುವುದೇ ನನ್ನ ಮುಖ್ಯ ಮಾತು. ಮಗುವಿಗೆ ಏನು ಬರಬೇಕು ಅಂತ ಬರೆಯಿರಿ. ಬಿದ್ದರೆ ಪೆಟ್ಟಾಗದ ಹಾಗೆ ಬೀಳಲು ಬರಬೇಕು, ಹಿಡಿದರೆ ಬಿಡಿಸಿಕೊಳ್ಳಲು ಬರಬೇಕು, ಬೇರೆ ದಾರಿ ಇಲ್ಲದಿದ್ದರೆ ಹೊಡೆಯಲು ಬರಬೇಕು, ಹೊಡೆದ ಮೇಲೆ ಓಡಲು ಬರಬೇಕು. ಇಷ್ಟೂ ಒಂದೇ ಕಲೆಯಲ್ಲಿ ಚೆನ್ನಾಗಿ ಸಿಗುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿ ಕಲೆಯೂ ಈಗ ಒಂದು ಆಟ. ಆಟಕ್ಕೆ ನಿಯಮ ಬೇಕು, ಇಲ್ಲದಿದ್ದರೆ ಮಕ್ಕಳ ಹಲ್ಲು ಉಳಿಯುವುದಿಲ್ಲ. ಆದರೆ ನಿಯಮ ಎಲ್ಲಿ ‘ಬೇಡ’ ಎನ್ನುತ್ತದೋ ಅಲ್ಲಿ ನಮ್ಮ ಮೈ ಕುರುಡಾಗುತ್ತದೆ. ಒಲಿಂಪಿಕ್ಸ್ ಮಾದರಿಯ ಟೇಕ್ವಾಂಡೊದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ತಲೆಗೆ ಒದ್ದರೆ ಜಾಸ್ತಿ ಅಂಕ. ಹಾಗಾಗಿ ಆ ಹುಡುಗರ ಕಾಲು ಚಾಟಿಯ ಹಾಗೆ ಬರುತ್ತದೆ, ಕೈ ಮಾತ್ರ ಕೆಳಗೆ ತೂಗಾಡುತ್ತಿರುತ್ತದೆ. ಜೂಡೊದಲ್ಲಿ ಕಾಲಿಗೆ ಕೈ ಹಾಕುವುದಕ್ಕೆ 2010ರಿಂದ ಕಡಿವಾಣ ಬಿತ್ತು, 2013ರ ಹೊತ್ತಿಗೆ ಪೂರ್ತಿ ನಿಂತೇ ಹೋಯಿತು. ಅದಾದ ಮೇಲೆ ಕಲಿತವರು ನೆಟ್ಟಗೆ ನಿಲ್ಲುತ್ತಾರೆ, ಕಾಲು ಕಾಯುವುದು ಅವರಿಗೆ ಅಷ್ಟು ನೆನಪಿರುವುದಿಲ್ಲ. ಕುಸ್ತಿಯಲ್ಲಿ ಹೊಡೆತ ಇಲ್ಲ, ಪೈಲ್ವಾನರು ತಲೆ ಮುಂದೆ ಮಾಡಿಕೊಂಡೇ ನುಗ್ಗುತ್ತಾರೆ. ಬಾಕ್ಸಿಂಗ್‌ನಲ್ಲಿ ಸೊಂಟದ ಕೆಳಗೆ ಏನೂ ಇಲ್ಲ. ನಮ್ಮ ಕರಾಟೆ ಪಂದ್ಯದಲ್ಲಿ ಹೊಡೆತ ಹತೋಟಿಯಲ್ಲಿರಬೇಕು. ತಾಗಿದ ತಕ್ಷಣ ರೆಫರಿ ‘ಯಾಮೆ’, ಅಂದರೆ ನಿಲ್ಲಿಸಿ, ಎನ್ನುತ್ತಾನೆ, ಇಬ್ಬರೂ ಗೆರೆಗೆ ವಾಪಸ್. ನನ್ನ ಒಬ್ಬ ಹುಡುಗ ಮೊದಲ ಸಲ ಕಿಕ್‌ಬಾಕ್ಸಿಂಗ್ ಪಂದ್ಯಕ್ಕೆ ಇಳಿದ. ಒಳ್ಳೇ ಗುದ್ದು ಕೊಟ್ಟ. ಕೊಟ್ಟು, ಅಭ್ಯಾಸ ಬಲದಿಂದ ರೆಫರಿ ಕಡೆ ತಿರುಗಿ ನೋಡಿದ. ಎದುರಾಳಿ ರೆಫರಿ ಕಡೆ ನೋಡಲಿಲ್ಲ. ಆ ರಾತ್ರಿ ನನ್ನ ಹುಡುಗ ಗಂಜಿ ಕುಡಿದ.

ಹಾಗಂತ ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಿ ಎಂದು ನಾನು ಹೇಳುತ್ತಿಲ್ಲ. ಬೋರ್ಡಿನಲ್ಲಿ ಏಳು ಹೆಸರು ಹಾಕಿದವನು ನಾನು, ಕಲಸಿದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಸೋಮವಾರ ಒಂದು ನಿಲುವು, ಗುರುವಾರ ಇನ್ನೊಂದು ನಿಲುವು ಕಲಿಸಿದರೆ ಭಾನುವಾರದ ಹೊತ್ತಿಗೆ ಮಗುವಿಗೆ ಎರಡೂ ಇಲ್ಲ. ನಮ್ಮ ಕಡೆಯ ಊಟ ನೆನಪಿಸಿಕೊಳ್ಳಿ. ರೊಟ್ಟಿ ಒಂದೇ, ಪಲ್ಯ ನಾಲ್ಕು. ರೊಟ್ಟಿಯೇ ನಾಲ್ಕು ಥರ ಆದರೆ ಹೊಟ್ಟೆ ಕೆಡುತ್ತದೆ. ಈಗ ನನ್ನ ಕ್ಲಾಸಿನಲ್ಲಿ ಮೊದಲ ಒಂದು ವರ್ಷ ಕರಾಟೆಯೇ ರೊಟ್ಟಿ. ನಿಲುವು, ದೂರ ಅಳೆಯುವುದು, ನೇರ ಗುದ್ದು, ಮುಂದೊದೆ ಎಲ್ಲ ಅಲ್ಲಿಂದ. ಆದರೆ ಬೀಳುವುದನ್ನು ಮೊದಲ ದಿನದಿಂದಲೇ ಜೂಡೊ ರೀತಿಯಲ್ಲಿ ಕಲಿಸುತ್ತೇನೆ. ಗದ್ದ ಎದೆಗೆ, ಬೆನ್ನು ದುಂಡಗೆ, ಅಂಗೈಯಿಂದ ನೆಲಕ್ಕೆ ಬಾರಿಸು. ಇದಕ್ಕೂ ಕರಾಟೆ ನಿಲುವಿಗೂ ಜಗಳ ಬರುವುದಿಲ್ಲ. ಎರಡನೇ ವರ್ಷ ಹಿಡಿತ, ಪಟ್ಟು. ತೂಕ ಸರಿಸಮ ಇರುವವರ ಜೊತೆ ಮಾತ್ರ. 14 ವರ್ಷದೊಳಗಿನವರ ತಲೆಗೆ ಏಟು ನನ್ನ ಕ್ಲಾಸಿನಲ್ಲಿ ಇಲ್ಲವೇ ಇಲ್ಲ, ಹೆಲ್ಮೆಟ್ ಹಾಕಿದರೂ ಇಲ್ಲ. ಯಾರಾದರೂ ಅಪ್ಪ “ಹುಡುಗ ಗಟ್ಟಿ ಆಗ್ಲಿ ಬಿಡಿ ಸರ್” ಎಂದರೆ ಅವರನ್ನೇ ಮ್ಯಾಟಿಗೆ ಕರೆಯುತ್ತೇನೆ. ಇದುವರೆಗೆ ಯಾರೂ ಬಂದಿಲ್ಲ.

ಇನ್ನೊಂದು ಕಷ್ಟ ಭಾಷೆಯದು. ಕರಾಟೆಗೆ ಜಪಾನಿ ಎಣಿಕೆ, ಟೇಕ್ವಾಂಡೊಗೆ ಕೊರಿಯನ್, ಗರಡಿಯಲ್ಲಿ ಉರ್ದು. ಮೊದಲೇ ನಮ್ಮ ಊರಿನ ಮಕ್ಕಳು ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಒಂದೇ ಕೆಲಸಕ್ಕೆ ಮೂರು ಹೆಸರು ಹೇಳಿದರೆ ಮೂರು ಬೇರೆ ವಿದ್ಯೆ ಅಂದುಕೊಳ್ಳುತ್ತಾರೆ. ಪರೀಕ್ಷೆಗೆ ಬೇಕಾದ ಜಪಾನಿ ಹೆಸರು ಆಮೇಲೆ ಹೇಳಿಕೊಡುತ್ತೇನೆ. ಕಲಿಸುವಾಗ ‘ಗದ್ದ ಎದೆಗೆ’, ‘ಹೆಬ್ಬೆರಳಿನ ಸಂದಿ ಹುಡುಕು’, ‘ಬುಡ ಅಲ್ಲಾಡ್ಸು’, ಇಷ್ಟೇ. ಮಣಿಕಟ್ಟು ಹಿಡಿದವನ ಕೈಯಲ್ಲಿ ಸಡಿಲ ಜಾಗ ಅಂದರೆ ಅವನ ಹೆಬ್ಬೆರಳು ಮತ್ತು ಬೆರಳುಗಳು ಕೂಡುವ ಸಂದಿ. ಆ ಕಡೆಗೆ ತಿರುಗಿಸಿ ಎಳೆದರೆ ಕೈ ಬರುತ್ತದೆ. ಯಾವ ಕಲೆಯಲ್ಲಿ ಕೇಳಿದರೂ ಇದೇ ಉತ್ತರ.

“ಹೀಗೆ ಬೆರೆಸಿದರೆ ಕಲೆಯ ಶುದ್ಧಿ ಹೋಗುತ್ತೆ” ಎಂದು ನಮ್ಮ ಮಾಸ್ತರರಲ್ಲೇ ಕೆಲವರು ಹೇಳುತ್ತಾರೆ. ಅವರ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ, ಶುದ್ಧ ಎಂದು ಯಾವುದಿತ್ತು? 1882ರಲ್ಲಿ ಕೊಡೊಕಾನ್ ಎನ್ನುವ ಜೂಡೊ ಶಾಲೆ ಶುರು ಮಾಡಿದ ಕಾನೊ ಜಿಗೊರೊ ಅದಕ್ಕೂ ಮೊದಲು ಜಪಾನಿನ ಹಳೇ ಕಾದಾಟದ ವಿದ್ಯೆಯಾದ ಜುಜುತ್ಸುವಿನ ಎರಡು ಬೇರೆ ಬೇರೆ ಪಂಥಗಳಲ್ಲಿ ಕಲಿತವರು. ಎರಡರಿಂದ ಬೇಕಾದ್ದು ಆರಿಸಿ ಜೂಡೊ ಕಟ್ಟಿದರು. ಅವರ ಜಾಣತನ ಇನ್ನೊಂದರಲ್ಲಿದೆ. ಅಭ್ಯಾಸದ ಕಾದಾಟದಿಂದ ಅಪಾಯದ ಏಟುಗಳನ್ನು ತೆಗೆದುಬಿಟ್ಟರು. ಉಳಿದದ್ದನ್ನು ಪೂರ್ತಿ ಬಲ ಹಾಕಿ, ಒಪ್ಪದ ಎದುರಾಳಿಯ ಮೇಲೆ ದಿನಾ ಮಾಡಬಹುದು. ಕೊಲ್ಲುವ ಏಟನ್ನು ಗಾಳಿಯಲ್ಲಿ ಸಾವಿರ ಸಲ ಮಾಡಿದವನಿಗಿಂತ, ಸಾದಾ ಪಟ್ಟನ್ನು ಒದ್ದಾಡುವ ಮನುಷ್ಯನ ಮೇಲೆ ನೂರು ಸಲ ಮಾಡಿದವನ ಕೈ ಹೆಚ್ಚು ಕೇಳುತ್ತದೆ. ನಾನು ಕಲಿತ ಕರಾಟೆ ಪಂಥ ಶಿತೊ-ರ್‍ಯೂ, ಅದರ ಹೆಸರಿನಲ್ಲೇ ಇಬ್ಬರು ಗುರುಗಳಿದ್ದಾರೆ. ಅದನ್ನು ಕಟ್ಟಿದ ಮಬುನಿ ಕೆನ್ವಾ ತಮ್ಮ ಇಬ್ಬರು ಗುರುಗಳಾದ ಇತೊಸು, ಹಿಗಾವೊನ್ನ ಹೆಸರುಗಳ ಮೊದಲ ಅಕ್ಷರಗಳನ್ನು ಬೇರೆ ಉಚ್ಚಾರದಲ್ಲಿ ಕೂಡಿಸಿ ‘ಶಿ-ತೊ’ ಎಂದು ಕರೆದರು.

ಅಷ್ಟು ದೂರ ಯಾಕೆ, ಮೊನ್ನೆ ಮೊನ್ನೆಯವರೆಗೂ ನಮ್ಮದೇ ಜಿಲ್ಲೆಯಲ್ಲಿದ್ದ ಹಂಪಿಗೇ ಹೋಗಿ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುಸ್ತಿಯವರಿದ್ದಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯನ ಬೆಳಗು ಹೇಗೆ ಶುರುವಾಗುತ್ತಿತ್ತು ಅಂತ ಬರೆದಿದ್ದಾನೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತುವುದು. ಆಮೇಲೆ ಕತ್ತಿ ವರಸೆ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ. ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ, ಆಮೇಲೆ ಕುದುರೆ. ರಾಜನೂ ಒಂದೇ ವಿದ್ಯೆಗೆ ಜೋತು ಬಿದ್ದಿರಲಿಲ್ಲ ನೋಡಿ. ಹಬ್ಬದ ಕುಸ್ತಿಯಲ್ಲಿ ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತ ಬೀಳುತ್ತಿತ್ತು ಅಂತಲೂ ಅವನೇ ಹೇಳುತ್ತಾನೆ. ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್, ರಾಜನ ಹತ್ತಿರ ಸಾವಿರ ಜಟ್ಟಿಗಳಿದ್ದರು, ಅವರು ಕೈಯಲ್ಲಿ ಮೊನೆ ಇರುವ ಬಳೆಯಂಥದ್ದು ಹಿಡಿದು ಹೊಡೆದಾಡುತ್ತಿದ್ದರು ಎನ್ನುತ್ತಾನೆ. ಮೈಸೂರು ದಸರಾದಲ್ಲಿ ಇವತ್ತಿಗೂ ನಡೆಯುವ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಹಿಡಿತವೂ ಇತ್ತು, ಹೊಡೆತವೂ ಇತ್ತು. ತುಂಗಭದ್ರೆಯ ದಂಡೆಯಲ್ಲಿ ಐನೂರು ವರ್ಷದ ಹಿಂದೆ ಒಟ್ಟಿಗಿದ್ದದ್ದು ಈಗ ಬೇರೆ ಬೇರೆ ಬೋರ್ಡುಗಳ ಕೆಳಗೆ ಹಂಚಿಹೋಗಿದೆ, ಅಷ್ಟೇ.

ಈಗ ನಿಮ್ಮಿಂದ ಏನು ಆಗಬೇಕು ಅನ್ನುವ ಮಾತಿಗೆ ಬರುತ್ತೇನೆ.

ವಾರಕ್ಕೆ ಎರಡು ಪೀರಿಯಡ್ಡಿನಂತೆ ಮೂರು ತಿಂಗಳಿಗೆ 24 ಕ್ಲಾಸು. ಒಟ್ಟು 18 ಗಂಟೆ. ಇಷ್ಟರಲ್ಲಿ ಕರಾಟೆಯ ಮೊದಲ ಕಾತಾ (ಒಬ್ಬರೇ ಸಾಲಾಗಿ ಮಾಡುವ ವರಸೆ) ಕೂಡ ನೆಟ್ಟಗೆ ಬರುವುದಿಲ್ಲ. ಬಂದರೂ ಬಸ್ಸಿನ ನೂಕುನುಗ್ಗಲಿನಲ್ಲಿ ಕಾತಾ ಮಾಡಲು ಜಾಗ ಎಲ್ಲಿದೆ? ಆ 18 ಗಂಟೆಯಲ್ಲಿ 6 ಗಂಟೆ ಬೀಳುವುದು, ಏಳುವುದು, ಕೆಳಗೆ ಬಿದ್ದಾಗ ಕಾಲಿನಿಂದ ದೂರ ತಳ್ಳುವುದು. ಇನ್ನು 6 ಗಂಟೆ ಬಿಡಿಸಿಕೊಳ್ಳುವುದು: ಮಣಿಕಟ್ಟು, ಜಡೆ, ವೇಲು, ಹಿಂದಿನಿಂದ ಅಪ್ಪಿ ಹಿಡಿದದ್ದು. 4 ಗಂಟೆ ಹೊಡೆಯುವುದು, ಅದೂ ಪ್ಯಾಡಿನ ಮೇಲೆ. ಮುಷ್ಟಿ ಬೇಡ, ಅಂಗೈ ಬುಡ ಸಾಕು. ಅಭ್ಯಾಸ ಇಲ್ಲದವರು ಮುಷ್ಟಿ ಕಟ್ಟಿ ತಲೆಗೆ ಗುದ್ದಿದರೆ ಕಿರುಬೆರಳಿನ ಕಡೆಯ ಮೂಳೆ ಮುರಿಯುವುದು ಅವರದೇ. ಉಳಿದ 2 ಗಂಟೆ ಬಾಯಿಗೆ: ಕೂಗುವುದು, ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098 ಏನು, ತುರ್ತಿಗೆ ಇರುವ 112 ಏನು. ಈ ಎರಡು ಗಂಟೆಯನ್ನು ದಯವಿಟ್ಟು ಕತ್ತರಿಸಬೇಡಿ. ಮಕ್ಕಳ ಮೇಲೆ ಕೈ ಮಾಡುವವರು ಬಹುಪಾಲು ಗುರುತು ಪರಿಚಯದವರೇ. ಮಾಮನಿಗೆ, ಪಕ್ಕದ ಮನೆಯವನಿಗೆ, ಒಮ್ಮೊಮ್ಮೆ ಮಾಸ್ತರನಿಗೇ ‘ಬೇಡ’ ಎನ್ನುವುದು ಒದೆಯುವುದಕ್ಕಿಂತ ಕಷ್ಟ.

ಮಾಸ್ತರನ ಮಾತು ಬಂತಲ್ಲ, ಅದನ್ನೂ ಬರೆದೇಬಿಡುತ್ತೇನೆ. ಸಾಲಿನಲ್ಲಿ ನಿಲ್ಲಿಸಿ ಗಾಳಿಗೆ ಗುದ್ದಿಸುವಾಗ ಯಾರೂ ಯಾರನ್ನೂ ಮುಟ್ಟಬೇಕಿಲ್ಲ. ಹಿಡಿತ, ಪಟ್ಟು ಕಲಿಸಲು ಹೊರಟರೆ ಮುಟ್ಟದೆ ಆಗುವುದಿಲ್ಲ. ಗಂಡು ಮಾಸ್ತರರೇ ಜಾಸ್ತಿ ಇರುವ ನಮ್ಮ ಕಸುಬಿನಲ್ಲಿ ಇದು ಚಿಕ್ಕ ವಿಷಯವಲ್ಲ. ನಾನು ಈಗ ಹುಡುಗಿಯರ ಮೇಲೆ ಪಟ್ಟು ಮಾಡಿ ತೋರಿಸುವುದಿಲ್ಲ, ಸಹಾಯಕ್ಕೆ ಬರುವ ಹುಡುಗನ ಮೇಲೆ ಮಾಡಿ ತೋರಿಸುತ್ತೇನೆ. ತಿದ್ದುವುದು ನನ್ನ ಹತ್ತಿರ ಹತ್ತು ವರ್ಷ ಕಲಿತು ಈಗ ತಾನೇ ಕಲಿಸುವ ಹೆಣ್ಣುಮಗಳು. ಹುಡುಗಿಯರು ಹುಡುಗಿಯರ ಜೊತೆ ಜೋಡಿ. ಬಾಗಿಲು ತೆರೆದಿರಬೇಕು, ಶಾಲೆಯ ಒಬ್ಬ ಟೀಚರ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿರಬೇಕು. ತರಬೇತಿಗೆ ಬರುವವರ ಪೊಲೀಸ್ ಪರಿಶೀಲನೆ ಮಾಡಿಸಿ, ನನ್ನಿಂದಲೇ ಶುರು ಮಾಡಿ. ಬೆಲ್ಟಿನ ಬಣ್ಣಕ್ಕಿಂತ ಮೊದಲು ನೋಡಬೇಕಾದ ಕಾಗದ ಅದು.

ಮ್ಯಾಟಿನ ವಿಷಯಕ್ಕೆ ಬಂದರೆ, ಪ್ರತಿ ಶಾಲೆಗೆ ಮ್ಯಾಟು ಕೊಡಿ ಎಂದರೆ ನೀವು ಅನುದಾನ ಇಲ್ಲ ಎನ್ನುತ್ತೀರಿ. ಕೊಟ್ಟರೂ ಎರಡು ವರ್ಷಕ್ಕೆ ಇಲಿ ತಿಂದಿರುತ್ತವೆ, ಇಲ್ಲಾ ಬೀರುವಿನ ಹಿಂದೆ ಸುತ್ತಿ ಇಟ್ಟಿರುತ್ತಾರೆ. ಗರಡಿಯಿಂದ ಕಲಿಯಬೇಕಾದ್ದು ಇಲ್ಲಿದೆ. ಶಾಲೆಯ ಅಂಗಳದ ಒಂದು ಮೂಲೆಯಲ್ಲಿ 15 ಅಡಿ ಉದ್ದ, 15 ಅಡಿ ಅಗಲದ ಗುಂಡಿ, ಒಂದೂವರೆ ಅಡಿ ಆಳ. ಕಲ್ಲು ಜರಡಿ ಹಿಡಿದು ತೆಗೆದ ಕೆಮ್ಮಣ್ಣು ತುಂಬಿ. ಮೇಲೆ ತಗಡು ಇಲ್ಲಾ ಬೇವಿನ ನೆರಳು. ವಾರಕ್ಕೊಮ್ಮೆ ಸಲಿಕೆಯಿಂದ ಕೆದಕಿ, ನೀರು ಚಿಮುಕಿಸಿ ಮೆತ್ತಗೆ ಮಾಡಬೇಕು, ಅಷ್ಟೇ. ಉದ್ಯೋಗ ಖಾತ್ರಿಯಲ್ಲಿ ಶಾಲೆಗಳಿಗೆ ಆಟದ ಮೈದಾನ, ಕಾಂಪೌಂಡು ಆಗಿದ್ದನ್ನು ನೋಡಿದ್ದೇವೆ. ಒಂದು ಗುಂಡಿ ದೊಡ್ಡ ಮಾತಲ್ಲ ಅಲ್ವಾ? ಊರಿನ ಗರಡಿಗೇ ಹುಡುಗಿಯರನ್ನು ಕಳಿಸಿ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ಹಳೇ ಗರಡಿಗಳಿಗೆ ಹೆಣ್ಣುಮಕ್ಕಳು ಇಳಿಯುವ ರೂಢಿ ಇಲ್ಲ, ಉಸ್ತಾದರ ಜೊತೆ ಈ ವಿಷಯಕ್ಕೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಆದರೆ ಶಾಲೆಯ ಮಣ್ಣು ಹದ ಮಾಡಿ ಕೊಡಲು ಅವರು ಒಪ್ಪಿದ್ದಾರೆ. ಅಷ್ಟಾದರೂ ಆಗಲಿ.

ಮೂರು ತಿಂಗಳಿಗೆ ಹೊರಗಿನವರು ಬಂದು ಹೋದರೆ ನಾಲ್ಕನೇ ತಿಂಗಳು ಏನೂ ಉಳಿಯುವುದಿಲ್ಲ. ಶಾಲೆಯಲ್ಲೇ ಇರುವ ದೈಹಿಕ ಶಿಕ್ಷಕರಿಗೆ ಕಲಿಸಿ. ನಮ್ಮ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರಿನಲ್ಲಿ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬಾಕ್ಸಿಂಗ್, ಜೂಡೊ, ಕುಸ್ತಿ ಮೂರೂ ಒಂದೇ ಆವರಣದಲ್ಲಿ ನಡೆಯುತ್ತವೆ. ದೇಶದ ಬೇರೆ ಬೇರೆ ಕಡೆಯ ಮಕ್ಕಳು ಅಲ್ಲಿಗೆ ಬಂದು ಕಲಿಯುತ್ತಾರೆ. ನಮ್ಮ ತಾಲ್ಲೂಕುಗಳ ದೈಹಿಕ ಶಿಕ್ಷಕರು ಬೇಸಿಗೆ ರಜೆಯಲ್ಲಿ ಒಂದು ವಾರ ಅಲ್ಲಿ ಕೂತು ನೋಡಲಿ, ಕೈಯಾಡಿಸಲಿ. ಅವರನ್ನು ಕೇಳುವುದು ನಿಮಗೆ ಸುಲಭ. ನಾನು ಕೇಳಿದರೆ ಗೇಟಿನಲ್ಲೇ ಹೆಸರು ಬರೆಸಿಕೊಂಡು ಕಳಿಸುತ್ತಾರೇನೋ. ಬಿಸಿಲಿನ ಚಿಂತೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಯೇ ಬೆಳಿಗ್ಗೆ 8ಕ್ಕೆ ಶುರುವಾಗುತ್ತದೆ, ತರಬೇತಿ 6ಕ್ಕೆ ಶುರುವಾಗಲಿ.

ಇನ್ನು ಕೊನೆಯ ದಿನದ ಪ್ರದರ್ಶನ. ಹಂಚು ಒಡೆಸುವುದನ್ನು ನಿಲ್ಲಿಸಲು ಒಂದು ಸಾಲು ಬರೆಯಿರಿ. ಹೊಟ್ಟೆಯ ಮೇಲೆ ಬೈಕ್ ಹತ್ತಿಸುವುದು, ಬೆಂಕಿ ಹಚ್ಚಿದ ಹಂಚು, ಅದೂ ಬೇಡ. ಬದಲಿಗೆ, ಮಗುವಿಗೆ ಯಾರು ಯಾವ ಕಡೆಯಿಂದ ಬರುತ್ತಾರೆ ಎಂದು ಹೇಳದೆ, ತನ್ನಷ್ಟೇ ತೂಕದ ಇನ್ನೊಂದು ಮಗು ಗಟ್ಟಿಯಾಗಿ ಹಿಡಿಯಲಿ. ಬಿಡಿಸಿಕೊಂಡು ಹತ್ತು ಹೆಜ್ಜೆ ಓಡಿ ಕೂಗಿದರೆ ಪಾಸು. ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ಗೊತ್ತು. ಹಾಸ್ಟೆಲ್‌ಗಳಲ್ಲಿ ನಡೆಯುವ ತರಬೇತಿಗೆ ಓಬವ್ವನ ಹೆಸರಿಟ್ಟಿದ್ದೀರಿ. ಆಕೆಗೆ ಯಾವ ಬೆಲ್ಟೂ ಇರಲಿಲ್ಲ. ದಿನಾ ಹಿಡಿದು ಪಳಗಿದ ಒನಕೆ ಇತ್ತು, ಒಬ್ಬೊಬ್ಬನೇ ತಲೆ ಹಾಕಬೇಕಾದ ಕಿಂಡಿ ಇತ್ತು. ಗಂಡನನ್ನು ಊಟದ ನಡುವೆ ಎಬ್ಬಿಸದೆ ಸೀದಾ ಹೋಗಿ ಕಿಂಡಿಯ ಪಕ್ಕ ನಿಂತಳು. ಎಲ್ಲಿ ನಿಲ್ಲಬೇಕು ಎನ್ನುವುದು ಆಕೆಗೆ ಗೊತ್ತಿತ್ತು.

ಮಾಸ್ತರರಿಗೆ ಎರಡೇ ಮಾತು. ನಿಮಗೆ ಬಾರದ್ದನ್ನು ಬೋರ್ಡಿನಿಂದ ಅಳಿಸಿ. ನಾನು ಅಳಿಸಿದ ತಿಂಗಳು ಹನ್ನೊಂದು ಮಕ್ಕಳು ಬಿಟ್ಟು ಹೋದರು, ಬಾಡಿಗೆ ಕಟ್ಟುವುದು ಕಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಇನ್ನೊಂದು, ನಿಮ್ಮ ಮಕ್ಕಳನ್ನು ಪಕ್ಕದ ಬೀದಿಯ ಟೇಕ್ವಾಂಡೊ ಮಾಸ್ತರರ ಹತ್ತಿರ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ, ಅವರ ಮಕ್ಕಳನ್ನು ನಿಮ್ಮಲ್ಲಿಗೆ ಕರೆಸಿ. ಶಿಷ್ಯರನ್ನು ಕಿತ್ತುಕೊಳ್ಳುತ್ತಾರೆ ಎನ್ನುವ ಭಯ ನನಗೂ ಇತ್ತು. ಒಬ್ಬ ಹೋದ, ಇಬ್ಬರು ಬಂದರು. ಎಲ್ಲವನ್ನೂ ಒಬ್ಬನೇ ಕಲಿಯಲು ಒಂದು ಆಯುಷ್ಯ ಸಾಲದು. ಬಳ್ಳಾರಿಯಲ್ಲಿ ನಾವೆಲ್ಲ ಸೇರಿದರೆ ಎಲ್ಲವೂ ಇದೆ.

ಜಡೆಯ ಪ್ರಶ್ನೆಗೆ ಉತ್ತರ ಬರೆದು ಮುಗಿಸುತ್ತೇನೆ. ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಯಾರಿಗಾದರೂ ಉಪಯೋಗಕ್ಕೆ ಬರಲಿ.

ಎಳೆದ ಕಡೆಗೆ ವಿರುದ್ಧವಾಗಿ ಜಗ್ಗಬೇಡ. ನಿನ್ನ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡು ಹೋಗಿ, ಜಡೆ ಹಿಡಿದ ಅವನ ಕೈಯನ್ನೇ ನಿನ್ನ ತಲೆಗೆ ಒತ್ತಿ ಹಿಡಿ. ಜಡೆಯ ತುದಿ ಹಿಡಿದಿದ್ದರೆ, ಬುಡವನ್ನು ನೀನು ಹಿಡಿದುಕೊಂಡು ಅವನ ಕಡೆಗೇ ಒಂದು ಹೆಜ್ಜೆ ಹಿಂದಕ್ಕೆ ಹೋಗು. ಆಗ ನೋವು ಕಮ್ಮಿಯಾಗುತ್ತದೆ, ಕತ್ತು ನಿನ್ನ ಮಾತು ಕೇಳುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ ಅವನ ಕಡೆಗೇ ತಿರುಗು. ತಿರುಗಿದಾಗ ಅವನ ಮಣಿಕಟ್ಟೂ ತಿರುಚುತ್ತದೆ, ಬುಡ ಅಲ್ಲಾಡುತ್ತದೆ. ಮೊಣಕಾಲ ಕೆಳಗಿನ ಮೂಳೆಗೆ ಒದಿ. ಬಿಡುವವರೆಗೆ ಒದಿ, ಕೂಗು. ಬಿಟ್ಟ ತಕ್ಷಣ ಓಡು. ತಿರುಗುವುದು ಗರಡಿಯದು, ಕೈ ಒತ್ತಿ ಹಿಡಿಯುವುದು ಜೂಡೊ ಕೋಚ್ ತಿದ್ದಿದ್ದು, ಒದೆ ಕರಾಟೆಯದು. ಓಡುವುದು ನಿನಗೆ ಮೊದಲೇ ಬರುತ್ತದೆ. ನೀನು ಖೊಖೊ ತಂಡದಲ್ಲಿದ್ದೆ, ನನಗೆ ನೆನಪಿದೆ.

ಅಧಿಕಾರಿಗಳೇ, ಶನಿವಾರ ಸಂಜೆ ನಾವು ಮಣ್ಣಿನಲ್ಲಿರುತ್ತೇವೆ. ಬಂದು ನೋಡಿ. ಇಸ್ತ್ರಿ ಮಾಡಿದ ಪ್ಯಾಂಟು ಬೇಡ.

ಇಂತಿ,
ಬಳ್ಳಾರಿಯ ಒಬ್ಬ ಕರಾಟೆ ಮಾಸ್ತರ